ಕೈ ಊದಿದ ಬೀಗಿತ್ತಿಯರು

ನಮ್ಮ ಕಾನ್ವೆಂಟಿನಲ್ಲಿ ಹೈಜೀನ್ ಪಾಠ ಮಾಡುತ್ತಿದ್ದ ಸಿಸ್ಟರ್ ಒಂದು ದಿನ ಬ್ಲ್ಯಾಕ್‌ಬೋರ್ಡಿನ ಮೇಲೆ ರಕ್ತದ ಬಿಳಿಯ ಕಣಗಳನ್ನು ಬರೆದು, ಇವರು ದೇವರ ಪುಟ್ಟ ಸೋಲ್ಜರ್ಸ್, ಹಗಲೂ ರಾತ್ರಿ ನಮ್ಮ ಮೈ ಕಾಯುತ್ತಾರೆ ಎಂದರು. ಬರೆದದ್ದು ಸೋಲ್ಜರ್ಸ್ ಹಾಗೆ ಕಾಣಲಿಲ್ಲ, ಕಾವಲಿಯ ಮೇಲೆ ಅಂಚು ಹರಿದುಕೊಂಡ ದೋಸೆಗಳ ಹಾಗಿದ್ದವು. ನನಗೆ ಮಾತ್ರ ಬೇರೆಯೇ ಹೊಳೆಯಿತು. ಬಿಳಿ ಉಡುಪು, ಸದ್ದಿಲ್ಲದ ನಡಿಗೆ, ದಿನವಿಡೀ ಕಾರಿಡಾರಿನಲ್ಲಿ ಗಸ್ತು, ಹೊರಗಿನಿಂದ ಒಳಗೆ ಬಂದದ್ದು ಹುಣಸೆಹಣ್ಣಾಗಲಿ ಸಿನಿಮಾ ಪತ್ರಿಕೆಯಾಗಲಿ ಕಣ್ಣುಮುಚ್ಚಿ ಬಿಡುವುದರೊಳಗೆ ಮಾಯ. ಬಿಳಿಯ ಕಣಗಳೆಂದರೆ ಸಿಸ್ಟರ್‌ಗಳೇ. ಈ ಥಿಯರಿಯನ್ನು ಪಕ್ಕದ ಹುಡುಗಿಯ ಕಿವಿಯಲ್ಲಿ ಹೇಳಿದ್ದಕ್ಕೆ ಪ್ರೇಯರ್ ಹಾಲಿನಲ್ಲಿ ಮೊಣಕಾಲೂರಿ ಕೂತದ್ದೂ ಆಯಿತು. ಆದರೂ ಅದನ್ನು ನಾನು ಇವತ್ತಿಗೂ ವಾಪಸ್ ತೆಗೆದುಕೊಂಡಿಲ್ಲ.

ಐವತ್ತರ ದಶಕದ ನಡುವಿನ ಮಾತು ಇದು. ಆ ವರ್ಷ ಬೇಸಿಗೆ ರಜಕ್ಕೆ ಎಂದಿನಂತೆ ಅಜ್ಜಿಯ ಊರಿಗೆ ಹೋದೆ. ಪುಟ್ಟ ರೈಲಿನಲ್ಲಿ ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದಲ್ಲಿ ಇಳಿದರೆ, ಸೋದರಮಾವ ಗಾಡಿ ಕಟ್ಟಿಕೊಂಡು ಕಾದಿರುತ್ತಿದ್ದರು. ಅಲ್ಲಿಂದ ದಿಬ್ಬೂರಹಳ್ಳಿಯ ದಾರಿಯಲ್ಲಿ ಎಲುಬೆಲ್ಲ ಸಡಿಲವಾಗುವಷ್ಟು ಕುಲುಕಾಟ. ಊರು ಬಂತೆಂದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಮನೆಮನೆಯಲ್ಲೂ ರೇಷ್ಮೆ ಹುಳು. ಸೊಪ್ಪಿನ ಹಸಿ ವಾಸನೆ, ಹಿಕ್ಕೆಯ ಬಿಸಿ ವಾಸನೆ, ಎರಡೂ ಸೇರಿದ ಇನ್ನೊಂದು ವಾಸನೆ. ಅದನ್ನು ಹೋಮ್ ಸ್ವೀಟ್ ಹೋಮ್ ಎಂದುಕೊಳ್ಳಬೇಕಾದರೆ ಒಂದು ದಿನವಾದರೂ ಬೇಕು.

ಮನೆಗೆ ಅಜ್ಜಿ ಯಜಮಾನಿ. ಹುಳುಮನೆಗೆ ಅಜ್ಜಿ ಸಾಮ್ರಾಜ್ಞಿ. ಹಿತ್ತಲಲ್ಲಿ ಉದ್ದನೆಯ ಒಂದು ಕೋಣೆ, ಒಳಗೆ ಬಿದಿರಿನ ತಟ್ಟೆಗಳ ಅಟ್ಟಣೆ. ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳಿಗೆಲ್ಲ ನೀರಿನ ಬಟ್ಟಲು. ಹೊಸ್ತಿಲ ಮೇಲೆ ಸುಣ್ಣದ ಪುಡಿ. ಬಾಗಿಲ ಪಕ್ಕ ಕಾಲು ತೊಳೆಯುವ ಕಲ್ಲು. ಒಗ್ಗರಣೆ ಹಾಕಿದ ಕೈಯವರು ಒಳಗೆ ಬರುವಂತಿಲ್ಲ, ಹೂ ಮುಡಿದವರು ಬರುವಂತಿಲ್ಲ, ಬೇರೆ ಊರಿನ ಧೂಳು ಮೆಟ್ಟಿಕೊಂಡು ಬಂದವರಂತೂ ಆ ಬಾಗಿಲ ಕಡೆ ತಿರುಗಿ ನೋಡುವಂತಿಲ್ಲ. ಕಾನ್ವೆಂಟಿನ ಸೋಪಿನ ವಾಸನೆಗೆ ಹುಳು ಸೊಪ್ಪು ಬಿಡುತ್ತವೆ ಎಂದು ನನ್ನನ್ನು ಬಂದ ದಿನವೇ ಸೀಗೆಪುಡಿ ಹಾಕಿ ತಿಕ್ಕಿಸಿದ್ದರು. ಪಾಪ, ಆ ಹುಳುಗಳಿಗೆ ಮೈಯೊಳಗೆ ಸೋಲ್ಜರ್ಸ್ ಇದ್ದರೋ ಇಲ್ಲವೋ, ಹೊರಗಡೆ ಅಜ್ಜಿ ಇದ್ದರು. ನಮ್ಮ ಮೈಗೆ ಚರ್ಮ ಮಾಡುವ ಕೆಲಸವನ್ನು ಆ ಕೋಣೆಗೆ ಅವರೊಬ್ಬರೇ ಮಾಡುತ್ತಿದ್ದರು.

ಆ ಮನೆಯಲ್ಲಿ ಹುಳುವನ್ನು ಕಂಡರಾಗದವರು ಒಬ್ಬರೇ, ನನ್ನ ಚಿಕ್ಕಮ್ಮ. ನನ್ನಮ್ಮನ ಕೊನೆಯ ತಂಗಿ, ಇಪ್ಪತ್ತು ದಾಟಿರಲಿಲ್ಲ. ದೊಡ್ಡ ಹುಳುಗಳಿಗೆ ನಡುರಾತ್ರಿಯಲ್ಲೂ ಒಂದು ಸಲ ಸೊಪ್ಪು ಹಾಕಬೇಕು. ಆ ಕೆಲಸ ಹತ್ತು ವರ್ಷದಿಂದ ಅವಳದ್ದು. ಬುದ್ಧಿ ಬಂದಾಗಿನಿಂದ ಒಂದು ರಾತ್ರಿ ಪೂರ್ತಿ ಮಲಗಿದ ನೆನಪಿಲ್ಲ ಎನ್ನುತ್ತಿದ್ದಳು. ಬೇರೆ ಹುಡುಗಿಯರು ಗಂಡನ ಮೂಗು ಹೇಗಿದೆ, ಅತ್ತೆಯ ಬಾಯಿ ಹೇಗಿದೆ ಎಂದು ವಿಚಾರಿಸುತ್ತಿದ್ದರೆ, ಇವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಅವರ ಮನೇಲಿ ಹುಳ ಕಟ್ತಾರಾ?”

ಆ ಬೇಸಿಗೆಯಲ್ಲಿ ಬಂದಿದ್ದ ಸಂಬಂಧ ಅವಳ ಪಾಲಿಗೆ ಸ್ವರ್ಗ. ಹುಡುಗ ಚಿಂತಾಮಣಿಯಲ್ಲಿ ಗುಮಾಸ್ತ, ಪೇಟೆಯಲ್ಲಿ ಬಾಡಿಗೆ ಮನೆ. ತಾಯಿ ಕೆಂಚಾರ್ಲಹಳ್ಳಿಯಲ್ಲಿ ಹುಳು ಕಟ್ಟುತ್ತಾರೆ ನಿಜ, ಆದರೆ ಮಗ ಸೊಸೆ ಇರುವುದು ಚಿಂತಾಮಣಿಯಲ್ಲಿ. “ಒಂದು ರೂಮು, ಒಂದು ಅಡಿಗೆಮನೆ. ತಟ್ಟೆ ಇಡೋಕೆ ಜಾಗಾನೇ ಇಲ್ವಂತೆ ಕಣೇ” ಎಂದು ನನಗೆ ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ಹುಡುಗ ಕುಳ್ಳಗಿದ್ದಾನಂತೆ ಎಂದೆ. “ಮಲಕ್ಕೊಂಡ ಮೇಲೆ ಎಲ್ಲಾರೂ ಒಂದೇ ಎತ್ತರ” ಎಂದಳು. ನಾನು ಬ್ಲಶ್ ಆದೆ. ಅವಳು ನಿದ್ದೆಯ ಬಗ್ಗೆಯೇ ಹೇಳಿದ್ದಳು.

ಇದಕ್ಕೆ ಮೊದಲು ಎರಡು ಸಂಬಂಧ ಬಂದು ಹಿಂದೆ ಸರಿದಿದ್ದವು, ಒಂದು ಗೌರಿಬಿದನೂರಿನ ಕಡೆಯದು, ಒಂದು ಚಿಕ್ಕಬಳ್ಳಾಪುರದ್ದು. ಕಾರಣ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ತೀರಿಹೋದ ನನ್ನ ತಾತ ಕೊನೆಯ ದಿನಗಳನ್ನು ಜಗಲಿಯ ಮೇಲೆ ಕೆಮ್ಮುತ್ತ ಕಳೆದಿದ್ದರು. ಪಕ್ಕದಲ್ಲಿ ಉಗುಳಲು ಬೂದಿ ಹಾಕಿದ ತೆಂಗಿನ ಚಿಪ್ಪು. ನಮ್ಮ ಮನೆಯ ಪ್ರಕಾರ ಅದು ದಮ್ಮು. ಊರಿನ ಪ್ರಕಾರ ಅದಕ್ಕೆ ಬೇರೆ ಹೆಸರಿತ್ತು. ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಊರಿಗೆ ಜೀಪು ಬಂತು. ಸರ್ಕಾರದ ಸೂಜಿ ತಂಡ. ಕ್ಷಯ ಬರದಂತೆ ಬಿ.ಸಿ.ಜಿ. ಹಾಕುತ್ತಾರೆ, ಅದಕ್ಕೂ ಮೊದಲು ಇನ್ನೊಂದು ಸಣ್ಣ ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರೆ ಎಂದು ತಮಟೆ ಹೊಡೆಸಿದರು. ಮುಂಗೈಯ ಚರ್ಮದಡಿ ಒಂದು ತೊಟ್ಟು ಔಷಧ. ಮೂರು ದಿನ ಬಿಟ್ಟು ಬಂದು ನೋಡುತ್ತಾರೆ. ಊದದವರಿಗೆ ಬಿ.ಸಿ.ಜಿ., ಊದಿದವರಿಗೆ ಬೇಡ.

ಸ್ಕೂಲಿನ ಜಗಲಿಯ ಮೇಲೆ ಊರೇ ಸಾಲು ನಿಂತಿತು. ಚಿಕ್ಕಮ್ಮ ಮತ್ತು ನಾನು ಎಡಗೈ ಕೊಟ್ಟು ಬಂದೆವು. ಮಾವ ಕಣ್ಣು ಮುಚ್ಚಿಕೊಂಡು ಕೊಟ್ಟರು. ಅಜ್ಜಿ ಮಾತ್ರ ಹುಳುಮನೆ ಸೇರಿ ಬಾಗಿಲು ಹಾಕಿಕೊಂಡರು. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ ಅಲುಗದೆ ಕೂತು, ಹಳೆಯ ಚರ್ಮ ಕಳಚುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಹೊತ್ತುಗೊತ್ತಿಲ್ಲ. ಅಜ್ಜಿಗೆ ಅದೇ ಸಾಕಾಯಿತು. ಕರೆಯಲು ಬಂದ ಸೂಜಿಯವರಿಗೆ ಬಾಗಿಲ ಸಂದಿಯಿಂದಲೇ ಉತ್ತರ ಕೊಟ್ಟರು.

“ಹುಳ ನಾಕನೇ ಜ್ವರ ಎದ್ದವೆ. ನಾನು ಬಂದು ಸಾಲಲ್ಲಿ ನಿಂತ್ರೆ ಸೊಪ್ಪು ನಿಮ್ಮ ಸರ್ಕಾರ ಬಂದು ಹಾಕ್ತದಾ?”

“ಒಂದೇ ನಿಮಿಷ ಅಜ್ಜಿ. ಇಲ್ಲೇ ಹಾಕ್ಬಿಡ್ತೀನಿ, ಬಾಗಿಲು ತೆಗೀರಿ.”

“ಕಾಲಿಟ್ಟೀಯ ಜೋಕೆ. ಏನೇನು ತುಳ್ಕೊಂಡು ಬಂದಿದೀಯೋ. ಮೈಯೆಲ್ಲ ಸ್ಪಿರಿಟ್ ವಾಸನೆ.”

ಮಾರನೆಯ ದಿನ ನನ್ನ ಕೈ ಕೆಂಪಾಯಿತು. ಅದರ ಮಾರನೆಯ ದಿನ ಗಟ್ಟಿಯಾಗಿ ಉಬ್ಬಿತು. ಚಿಕ್ಕಮ್ಮನದು ನನಗಿಂತ ದೊಡ್ಡದು, ಅಡಿಕೆಯನ್ನು ಚರ್ಮದಡಿ ತಳ್ಳಿ ಮುಚ್ಚಿದ ಹಾಗೆ. ಈಗ ಪುಸ್ತಕ ಓದಿ ಗೊತ್ತು, ಆ ಎರಡು ದಿನದಲ್ಲಿ ಒಳಗೆ ಏನು ನಡೆದಿರುತ್ತದೆ ಎಂದು. ಸೂಜಿಯಲ್ಲಿದ್ದದ್ದು ಜೀವಂತ ಕ್ರಿಮಿಯಲ್ಲ, ಕ್ರಿಮಿಯನ್ನು ಬೇಯಿಸಿ ತೆಗೆದ ಸಾರು. ಮೈಯಲ್ಲಿ ಟಿ ಸೆಲ್ ಎಂಬ ಒಂದು ಜಾತಿ ಇದೆ. ಹಳೆಯ ಶತ್ರುವಿನ ಮುಖ ಮರೆಯದ ಜಾತಿ. ಆ ಸಾರಿನ ವಾಸನೆ ಬಡಿದದ್ದೇ ಅವು ಗುರುತು ಹಿಡಿದು ಊರಿಗೆಲ್ಲ ಹೇಳಿ ಕಳಿಸುತ್ತವೆ. ಸಾವಿನ ಸುದ್ದಿ ಕೇಳಿದ ನೆಂಟರು ಎತ್ತಿನಗಾಡಿ, ಬಸ್ಸು, ರೈಲು ಸಿಕ್ಕಿದ್ದು ಹಿಡಿದು ಒಬ್ಬೊಬ್ಬರಾಗಿ ಬರುವ ಹಾಗೆ ಉಳಿದ ಬಿಳಿಯ ಕಣಗಳು ಬಂದು ಸೇರುತ್ತವೆ. ಎಲ್ಲ ಸೇರಲು ಎರಡು ಮೂರು ದಿನ. ಆ ಜನಜಂಗುಳಿಯೇ ಊತ. ಮೊದಲ ಭೇಟಿಯೇ ಆಗಿಲ್ಲದ ಮೈಯಲ್ಲಿ ಗುರುತು ಹಿಡಿಯುವವರಿಲ್ಲ, ಹೇಳಿ ಕಳಿಸುವವರಿಲ್ಲ, ಕೈ ತೆಪ್ಪಗಿರುತ್ತದೆ.

ಜೀಪು ಮತ್ತೆ ಬಂತು. ಸೂಜಿಯವರು ಚಿಕ್ಕಮ್ಮನ ಉಬ್ಬನ್ನು ಬೆರಳಿನಿಂದ ಒತ್ತಿ, ಸ್ಕೇಲ್ ಇಟ್ಟು ನೋಡಿ, “ಇವರಿಗೆ ಬೇಡ” ಎಂದರು.

“ಯಾಕೆ ಬೇಡ?” ಎಂದಳು ಚಿಕ್ಕಮ್ಮ.

“ನಿಮ್ಮ ಮೈಗೆ ಆ ಕ್ರಿಮಿ ಆಗ್ಲೇ ಪರಿಚಯ ಆಗಿದೆಯಮ್ಮ. ಕಾಯಿಲೆ ಅಂತಲ್ಲ. ಕೆಮ್ಮು, ಜ್ವರ ಏನಾದ್ರೂ ಇದ್ರೆ ಆಸ್ಪತ್ರೆಗೆ ತೋರಿಸಿ. ಇಲ್ದಿದ್ರೆ ಏನೂ ಯೋಚನೆ ಇಲ್ಲ. ಪರಿಚಯ ಅಷ್ಟೆ.”

ಮದುವೆಗೆ ನಿಂತ ಹುಡುಗಿಗೆ ಊರ ಮುಂದೆ ಪರಿಚಯ ಎನ್ನಬಾರದು ಎಂದು ಆತನಿಗೆ ಯಾರು ಹೇಳಬೇಕು. ಹಿಂದೆ ನಿಂತಿದ್ದ ಹೆಂಗಸರಿಬ್ಬರು ಅರ್ಧ ಹೆಜ್ಜೆ ಸರಿದರು. ಸಾಯಂಕಾಲದೊಳಗೆ ಊರಲ್ಲಿ ಒಂದೇ ಮಾತು: ಸರ್ಕಾರದ ಔಷಧವೇ ಆ ಹುಡುಗಿಯನ್ನು ಬೇಡ ಅಂತಂತೆ. ನನ್ನ ಕೈಯೂ ಊದಿತ್ತು, ಆದರೆ ನನ್ನನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ನಾನು ಹೇಗೂ ಕಾನ್ವೆಂಟಿನಲ್ಲಿ ಕೆಟ್ಟವಳು.

ಜೀಪು ಹೊರಡುವ ಮುಂಚೆ ನಾನು ಸೂಜಿಯಾತನನ್ನು ಇಂಗ್ಲಿಷಿನಲ್ಲಿ ಕೇಳಿದೆ, ವಯಸ್ಸಾದವರಿಗೆ ಯಾಕೆ ಅಷ್ಟು ಒತ್ತಾಯ ಮಾಡುವುದಿಲ್ಲ ಎಂದು. ಆತ ಬೆವರು ಒರೆಸಿಕೊಂಡು ಕನ್ನಡದಲ್ಲೇ ಹೇಳಿದ: “ವಯಸ್ಸಾದೋರಿಗೆ ಹೆಚ್ಚುಕಮ್ಮಿ ಎಲ್ಲಾರಿಗೂ ಊದುತ್ತೆ ಮಗು. ಇಷ್ಟು ವರ್ಷ ಬದುಕಿದ ಮೇಲೆ ಪರಿಚಯ ಆಗ್ದೇ ಇರುತ್ತಾ?”

ಈ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮಾರನೆಯ ದಿನವೇ ಹುಡುಗನ ತಾಯಿ ಬಳೆ ತೊಡಿಸುವ ಶಾಸ್ತ್ರಕ್ಕೆ ಬರುವವರಿದ್ದರು. ಒಪ್ಪಿಗೆಯಾದ ಹುಡುಗಿಗೆ ಎರಡು ಕೈಗೂ ಹಸಿರು ಬಳೆ ತೊಡಿಸಿ ಹೋದರೆ ಮಾತು ಮುಗಿದಂತೆ, ಆಮೇಲೆ ಯಾರೂ ಹಿಂದೆಗೆಯುವುದಿಲ್ಲ. ಜಗತ್ತಿನಲ್ಲಿ ಇಷ್ಟು ಶಾಸ್ತ್ರಗಳಿದ್ದು ಕೈಯನ್ನೇ ಹಿಡಿದು ತಿರುಗಿಸಿ ನೋಡುವ ಶಾಸ್ತ್ರವೇ ಆ ದಿನಕ್ಕೆ ಬರಬೇಕೆ. ಅಜ್ಜಿ ಹರಳೆಲೆ ಬಿಸಿ ಮಾಡಿ ಕಟ್ಟಿದರು. ಅರಿಶಿನ, ಸುಣ್ಣ ಹಚ್ಚಿದರು. ಉಬ್ಬು ಇನ್ನಷ್ಟು ಹಳದಿಯಾಗಿ, ಕೆಂಪಾಗಿ, ಹಬ್ಬಕ್ಕೆ ಸಿಂಗಾರವಾದ ಹಾಗೆ ಕಂಡಿತೇ ಹೊರತು ಇಳಿಯಲಿಲ್ಲ. ಕೊನೆಗೆ ಮಾವ ಒಂದು ಐಡಿಯಾ ಕೊಟ್ಟರು. ಕಣಜ ಕಚ್ಚಿತು ಎಂದು ಹೇಳುವುದು.

ಹುಡುಗನ ತಾಯಿ ಬಂದರು. ಎತ್ತರದ ಹೆಂಗಸು, ಮೂಗಿನ ಎರಡೂ ಕಡೆ ಬೊಟ್ಟು, ಮನೆಮಾತು ತೆಲುಗು, ವ್ಯವಹಾರಕ್ಕೆ ಕನ್ನಡ. ಜೊತೆಗೆ ಬಳೆ ಮಾರುವವಳನ್ನೂ ಕರೆತಂದಿದ್ದರು. ನೆರೆಯ ಮುತ್ತೈದೆಯರು ಚಾಪೆಯ ಮೇಲೆ ಕೂತರು. ಅಜ್ಜಿ ವಿಧವೆಯಾದ್ದರಿಂದ ಶಾಸ್ತ್ರದ ಜಾಗಕ್ಕೆ ಬರದೆ ನಡುಮನೆಯ ಬಾಗಿಲ ಹಿಂದೆ ನಿಂತರು. ಬಲಗೈಗೆ ಬಳೆ ಏರಿತು. ಎಡಗೈ ಸೆರಗಿನೊಳಗೇ ಇತ್ತು. ಬಳೆಯವಳು ಕೈ ಎಳೆದುಕೊಂಡು ತಿರುಗಿಸಿದಳು. ಚಾಪೆಯ ಮೇಲಿದ್ದವರೆಲ್ಲ ಬಗ್ಗಿ ನೋಡಿದರು.

“ಕಣಜ ಕಚ್ತು” ಎಂದರು ಮಾವ, ಯಾರೂ ಕೇಳುವ ಮುಂಚೆಯೇ.

“ಓ, ಕಣಜನಾ” ಎಂದರು ಹುಡುಗನ ತಾಯಿ ನಿಧಾನವಾಗಿ. “ಹೋದ ತಿಂಗಳು ನಮ್ಮೂರಿಗೂ ಬಂದಿತ್ತಪ್ಪ. ಜೀಪಲ್ಲಿ.”

ಮಾವ ಹೋಗಿ ಎತ್ತಿಗೆ ನೀರು ಕುಡಿಸಲು ಶುರು ಮಾಡಿದರು. ಎತ್ತು ಆಗಷ್ಟೇ ಕುಡಿದಿತ್ತು.

ಇನ್ನು ನಾನೇ ಗತಿ ಎಂದುಕೊಂಡು ಮುಂದೆ ಬಂದೆ. ನನ್ನ ಉಬ್ಬನ್ನೂ ತೋರಿಸಿ, ಇದು ಕಾಯಿಲೆ ಅಲ್ಲ, ಒಳಗೆ ಬಿಳಿಯ ಕಣಗಳಿವೆ, ಅವು ಪೋಲೀಸರ ಹಾಗೆ, ಕ್ರಿಮಿಯನ್ನು ಹಿಡಿದು ನುಂಗುತ್ತವೆ, ಈಗ ಪೋಲೀಸರು ಬಂದು ಸೇರಿದ್ದಕ್ಕೆ ಊದಿದೆ ಎಂದು ಹೈಜೀನ್ ಪಾಠವನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿದರು.

“ಸರೇ ಕಣಮ್ಮ. ಪೋಲೀಸ್ನೋರು ಬಂದವ್ರೆ ಅಂದ್ರೆ, ಕಳ್ಳ ಯಾವಾಗ್ಲೋ ಬಂದಿರ್ಬೇಕಲ್ಲ?”

ಸಿಸ್ಟರ್‌ಗೆ ಈ ಪ್ರಶ್ನೆ ಕೇಳಲು ಇಡೀ ಕ್ಲಾಸಿನಲ್ಲಿ ಒಬ್ಬರಿಗೂ ತೋಚಿರಲಿಲ್ಲ. ನಾನು ಕೈ ಹಿಂದಕ್ಕೆಳೆದುಕೊಂಡೆ.

“ನಾವು ರೇಷ್ಮೆ ಜನ” ಎಂದು ಅವರು ಚಾಪೆಯ ಕಡೆ ತಿರುಗಿದರು. “ಬಿತ್ತನೆ ಕೋಠಿಲಿ ಏನ್ ಮಾಡ್ತಾರೆ? ಮೊಟ್ಟೆ ನೋಡಲ್ಲ, ಮೊಟ್ಟೆ ಇಟ್ಟ ತಾಯಿನ ನೋಡ್ತಾರೆ. ತಾಯಿಗೆ ಗಂಟು ರೋಗ ಇಲ್ಲ ಅಂದ್ರೆ ಮೊಟ್ಟೆ ಕೊಡ್ತಾರೆ. ಇದ್ರೆ ಸುಡ್ತಾರೆ. ಹುಡುಗಿ ಕೈ ಏನು ನೋಡೋದು, ಮಗು ಅದು. ಇವಳ ತಾಯಿ ಕೈ ನೋಡಣ. ಅದು ಊದಲಿಲ್ಲ ಅಂದ್ರೆ ಈ ಎಡಗೈಗೆ ನಾನೇ ಬಳೆ ಹಾಕ್ತೀನಿ.”

ಚಾಪೆಯ ಮೇಲಿದ್ದ ಎಲ್ಲರೂ ತಲೆಯಾಡಿಸಿದರು. ಆ ಭಾಗದಲ್ಲಿ ಇದಕ್ಕಿಂತ ದೊಡ್ಡ ಸೈನ್ಸ್ ಇರಲಿಲ್ಲ. ರೇಷ್ಮೆಯ ಗಂಟು ರೋಗ ತಾಯಿ ಚಿಟ್ಟೆಯ ಹೊಟ್ಟೆಯಿಂದಲೇ ಮೊಟ್ಟೆಗೆ ಇಳಿಯುತ್ತದೆ. ಆದ್ದರಿಂದ ಮೊಟ್ಟೆ ಇಟ್ಟ ಚಿಟ್ಟೆಯನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷೆ ಮಾಡಿದ ಮೇಲೆಯೇ ಬಿತ್ತನೆ. ಹುಳುವಿಗೆ ಅಪ್ಪಟ ಸತ್ಯ. ಕ್ಷಯಕ್ಕೆ ಅಪ್ಪಟ ಸುಳ್ಳು. ಕ್ಷಯ ಉಸಿರಿನಲ್ಲಿ ಬರುವುದು, ಬಸಿರಿನಲ್ಲಲ್ಲ. ಆದರೆ ಅದನ್ನು ಹೇಳುವ ಧೈರ್ಯ ನನಗೆ ಮುಗಿದುಹೋಗಿತ್ತು.

ಬಾಗಿಲ ಹಿಂದಿನಿಂದ ಅಜ್ಜಿಯ ದನಿ ಬಂತು. “ತಾಯಿನ ಹೆಂಗೆ ನೋಡ್ತಾರೆ ಅಂತಾನೂ ಹೇಳಿಬಿಡಿ ತಾಯಿ. ಅರೆದು ನೋಡ್ತಾರೆ. ಒರಳು ತರಿಸ್ಲಾ?”

“ಅಷ್ಟೆಲ್ಲ ಯಾಕಮ್ಮ. ಸೂಜಿ ಸಾಕು.”

“ಆಗ್ಲಿ, ಕೊಡ್ತೀನಿ ಕೈ. ನೀವೂ ಕೊಡಿ. ಗಂಡು ಚಿಟ್ಟೆ ಏನು ಆಕಾಶದಿಂದ ಉದುರ್ತಾ?”

“ನಮ್ಮೂರಲ್ಲಿ ಆಗ್ಲೇ ಹಾಕಿ ಹೋದ್ರಮ್ಮ.”

“ಊರಿಗೆ ಹಾಕಿದ್ರು. ನಿಮಗೆ ಹಾಕಿದ್ರಾ?”

ಹುಡುಗನ ತಾಯಿ ಬಳೆಯ ಮಲಾರದ ಕಡೆ ನೋಡಿದರು. ಸೂರಿನ ಕಡೆ ನೋಡಿದರು. “ಹುಳ ನಾಕನೇ ಜ್ವರ ಎದ್ದಿದ್ವು” ಎಂದರು.

ಬಳೆಯವಳು ಮೊದಲು ನಕ್ಕಳು. ಅಜ್ಜಿ ನಗಲಿಲ್ಲ. ಬಾಗಿಲ ಹಿಂದಿನಿಂದ ಹೊರಗೆ ಬಂದು, “ಜೀಪು ನಾಳೆ ದಿಬ್ಬೂರಹಳ್ಳಿಲಿ ಇರ್ತದಂತೆ. ಹೋಗಣ” ಎಂದರು.

ಹೀಗೆ ಒಂದು ಕೈಗೆ ಬಳೆ, ಒಂದು ಕೈ ಬರಿದು ಮಾಡಿಕೊಂಡು ಚಿಕ್ಕಮ್ಮ ಉಳಿದಳು. ಅಡಿಗೆಮನೆಯಲ್ಲಿ ನನ್ನನ್ನು ಹಿಡಿದು, “ನಿಜ ಹೇಳು, ಅಜ್ಜಿ ಕೈ ಊದಲ್ಲ ತಾನೆ?” ಎಂದು ಕೇಳಿದಳು. ನಾನು ಐ ಡೋಂಟ್ ನೋ ಎಂದೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ನನ್ನ ಮುಖ ಓದಲು ಬರುತ್ತಿತ್ತು. “ಚಿಂತಾಮಣಿ ಹೋಯ್ತು ಬಿಡು” ಎಂದು ಸೊಪ್ಪಿನ ಪುಟ್ಟಿ ಎತ್ತಿಕೊಂಡು ಹುಳುಮನೆಗೆ ಹೋದಳು.

ದಿಬ್ಬೂರಹಳ್ಳಿಗೆ ಇಬ್ಬರು ಹೆಂಗಸರೂ ಗಾಡಿಯ ಎರಡು ಅಂಚಿಗೆ ಕೂತು ಹೋದರು. ಸೂಜಿ ಚುಚ್ಚುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಯಾರು ಮೊದಲು ಮುಖ ಕಿವುಚುತ್ತಾರೆ ಎಂದು. ಇಬ್ಬರೂ ಕಿವುಚಲಿಲ್ಲ. ಮೂರು ದಿನಕ್ಕಾಗಿ ಕೆಂಚಾರ್ಲಹಳ್ಳಿಗೆ ಹೋಗಿ ಬರುವುದು ಯಾಕೆಂದು ಹುಡುಗನ ತಾಯಿ ನಮ್ಮ ಮನೆಯಲ್ಲೇ ಉಳಿದರು. ಅವರ ಮನೆಯ ಗೂಡು ಮಾರಾಟವಾಗಿತ್ತು, ಕೈಗೆ ಕೆಲಸವಿರಲಿಲ್ಲ. ಕೆಲಸವಿಲ್ಲದ ರೇಷ್ಮೆ ಹೆಂಗಸಿನಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ. ನಮ್ಮ ಸೊಪ್ಪು ಬಲಿತಿದೆ ಎಂದರು. ನಮ್ಮ ತಟ್ಟೆಯ ಹೆಣಿಗೆ ಸಡಿಲ ಎಂದರು. ಅಜ್ಜಿ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು, “ಒಳಗೆ ನೋಡ್ದೇನೇ ಇಷ್ಟು ಹೇಳ್ತೀರಲ್ಲ, ನೋಡಿದ್ರೆ ಇನ್ನೆಷ್ಟೋ” ಎಂದರು.

ಎರಡನೆಯ ದಿನ ಹುಳು ಹಣ್ಣಾಯಿತು. ಹಣ್ಣಾಗುವುದೆಂದರೆ ತಿನ್ನುವುದು ಬಿಟ್ಟು, ಮೈ ಗಾಜಿನ ಹಾಗೆ ತಿಳಿಯಾಗಿ, ನೂಲು ಬಿಡಲು ಜಾಗ ಹುಡುಕುತ್ತ ತಲೆ ಆಡಿಸುವುದು. ಆಗ ಒಂದೊಂದನ್ನೂ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು. ಆ ಸಲ ಬಿಸಿಲಿಗೆ ಎಲ್ಲ ತಟ್ಟೆಗಳೂ ಒಟ್ಟಿಗೇ ಹಣ್ಣಾದವು. ಅಜ್ಜಿ, ಚಿಕ್ಕಮ್ಮ, ನಾನು ಮೂವರ ಕೈ ಎಲ್ಲಿ ಸಾಕು. ಹುಡುಗನ ತಾಯಿ ಹೊರಗೆ ಕಲ್ಲಿನ ಮೇಲೆ ಕೂತು, ಕೈ ಹೊಸಕಿಕೊಳ್ಳುತ್ತ ಒಳಗೆ ಇಣುಕುತ್ತಿದ್ದರು.

ಅಜ್ಜಿ ತುಂಬ ಹೊತ್ತು ತಡೆದುಕೊಂಡರು. ಕೊನೆಗೆ ಬಾಗಿಲಿಗೆ ಬಂದು, “ಹೂ ತೆಗೀರಿ” ಎಂದರು.

ಅವರು ಹೂ ತೆಗೆದರು. ಕಾಲು ತೊಳೆದರು. ಅಜ್ಜಿ ಅವರ ಕೈ ಹಿಡಿದು ಮೂಸಿ ನೋಡಿದರು. ಸುಣ್ಣ ದಾಟಿಸಿ ಒಳಗೆ ಬಿಟ್ಟರು. ಹೊರಗಿನವರು ಹಣ್ಣು ಹುಳುವಿದ್ದಾಗ ಆ ಹೊಸ್ತಿಲು ದಾಟಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಸರ್ಕಾರಕ್ಕೆ ಸಿಗದ ಪರ್ಮಿಷನ್ ಅದು.

ಇಬ್ಬರೂ ಒಂದೇ ತಟ್ಟೆಯ ಎರಡು ಕಡೆ ಕೂತು ಆರಿಸತೊಡಗಿದರು. ಹುಡುಗನ ತಾಯಿಯ ಬೆರಳು ಅಜ್ಜಿಯದಕ್ಕಿಂತ ಚುರುಕು. ಅಜ್ಜಿಗೆ ಅದು ತಿಳಿದು, ತಾವೂ ಚುರುಕಾದರು. ಇಬ್ಬರ ಎಡಗೈಯೂ ತಟ್ಟೆಯ ಮೇಲೆ ಹಿಂದೆ ಮುಂದೆ ಆಡುತ್ತಿತ್ತು. ಮೊದಲು ಕಂಡದ್ದು ಚಿಕ್ಕಮ್ಮನಿಗೆ. ಅವಳು ಚಂದ್ರಿಕೆ ಹಿಡಿದುಕೊಂಡು ಹಾಗೆಯೇ ನಿಂತಳು. ಅಜ್ಜಿಯ ಕೈಯಲ್ಲಿ ಉಬ್ಬು. ಆಮೇಲೆ ಅವಳು ಅದರ ಎದುರಿನ ಕೈಯನ್ನು ನೋಡಿದಳು. ಅಲ್ಲಿಯೂ ಉಬ್ಬು, ಇನ್ನೂ ಕೆಂಪಗೆ.

ಹುಡುಗನ ತಾಯಿ ಕೆಲಸ ನಿಲ್ಲಿಸದೆ, “ಏನಮ್ಮ, ಕಣಜನಾ?” ಎಂದರು.

“ನಿಮಗೆ ಎರಡು ಕಚ್ಚಿದ ಹಂಗದೆ” ಎಂದರು ಅಜ್ಜಿ.

ಇಬ್ಬರೂ ಇನ್ನೊಂದಷ್ಟು ಹುಳು ಆರಿಸಿ ಚಂದ್ರಿಕೆಗೆ ಬಿಟ್ಟರು. ಆಮೇಲೆ ಅಜ್ಜಿ ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು.

“ನಮ್ಮ ಯಜಮಾನರದು ದಮ್ಮು ಅಂತ ಹೇಳಿಕೊಂಡು ಬಂದ್ವಿ. ದಮ್ಮಲ್ಲ. ಕ್ಷಯ. ಮದ್ದು ಮಾಡ್ಸಿದ್ವಿ, ಆಗಲಿಲ್ಲ. ಇವಳು ಆಗ ಸಣ್ಣೋಳು. ಚಿಪ್ಪು ತೊಳೀತಿದ್ದೋಳು ಇವಳೇ.”

ಆ ಪದ ಆ ಮನೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ನಾನು ನನ್ನ ಕೈ ನೋಡಿಕೊಂಡೆ. ಆ ಜಗಲಿಯ ಮೇಲೆ ತಾತನ ತೊಡೆಯಲ್ಲಿ ಕೂತು ಹುರಿದ ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದವಳು ನಾನು. ಅವರ ಮುಖ ನನಗೆ ಸರಿಯಾಗಿ ನೆನಪಿರಲಿಲ್ಲ. ಕೈಗೆ ನೆನಪಿತ್ತು.

“ನಮ್ಮ ಅತ್ತೆದು ಉಷ್ಣ ಅಂತಿದ್ವಿ” ಎಂದರು ಹುಡುಗನ ತಾಯಿ. “ಉಷ್ಣಕ್ಕೆ ಯಾರಾದ್ರೂ ರಕ್ತ ಕೆಮ್ತಾರಾ? ಎರಡು ವರ್ಷ ನಾನೇ ನೋಡ್ಕೊಂಡೆ. ಮಗ ಅವರ ಪಕ್ಕದಲ್ಲೇ ಮಲಗ್ತಿದ್ದ. ಚಿಂತಾಮಣಿಲಿ ಅವನಿಗೂ ಸೂಜಿ ಹಾಕಿದ್ರಂತೆ. ಊದ್ತೇನೋ ಅಂತ ಕೇಳ್ದೆ. ಮಾತು ಹಾರಿಸ್ದ.”

“ಬಿತ್ತನೆ ಸುಡಬೇಕಲ್ಲಮ್ಮ ಈಗ. ಎರಡು ಕಡೇದೂ.”

“ಗುಮಾಸ್ತನ್ನ ಯಾರಾದ್ರೂ ಸುಡ್ತಾರಾ” ಎಂದರು ಅವರು. “ಕೆಲಸ ಇನ್ನೂ ಖಾಯಂ ಬೇರೆ ಆಗಿಲ್ಲ.”

ಅಜ್ಜಿ ನಕ್ಕರು. ಸದ್ದಿಲ್ಲದೆ, ಭುಜ ಮಾತ್ರ ಕುಲುಕುವ ಹಾಗೆ. ಹುಳುಮನೆಯಲ್ಲಿ ಗಟ್ಟಿಯಾಗಿ ನಗುವುದಕ್ಕೂ ನಿಷೇಧವಿತ್ತು.

ಕ್ಷಯದ ಕ್ರಿಮಿಯ ಬಗ್ಗೆ ಒಂದು ವಿಷಯ ಓದಿದಾಗಲೆಲ್ಲ ನನಗೆ ಆ ಎರಡು ಮನೆ ನೆನಪಾಗುತ್ತವೆ. ಮ್ಯಾಕ್ರೋಫೇಜ್ ಎಂಬ ಹೊಟ್ಟೆಬಾಕ ಕಣ ಅದನ್ನು ನುಂಗುತ್ತದೆ, ಆದರೆ ಅರಗಿಸಿಕೊಳ್ಳಲಾರದು. ಹೊರಗೆ ಬಿಡಲೂ ಆಗದು. ಕೊನೆಗೆ ಹತ್ತಾರು ಕಣಗಳು ಅದರ ಸುತ್ತ ಒತ್ತಾಗಿ ಕೂತು ಗೋಡೆಯಾಗುತ್ತವೆ. ಕ್ರಿಮಿ ಒಳಗೆ ನಿದ್ದೆ, ಇವು ಹೊರಗೆ ಕಾವಲು. ಬಹಳ ಜನರಲ್ಲಿ ಆ ಗೋಡೆ ಕೊನೆಯವರೆಗೂ ಬಿರಿಯುವುದಿಲ್ಲ. ದಮ್ಮು ಅಂತ ಒಂದು ಗೋಡೆ, ಉಷ್ಣ ಅಂತ ಒಂದು ಗೋಡೆ. ಅಷ್ಟು ವರ್ಷ ಇಬ್ಬರು ಹೆಂಗಸರು ಅವಕ್ಕೆ ಬೆನ್ನು ಕೊಟ್ಟು ಕೂತಿದ್ದರು.

ಕೊನೆಯ ತಟ್ಟೆ ಮುಗಿದ ಮೇಲೆ ಹುಡುಗನ ತಾಯಿ ಕೈ ತೊಳೆದು ಬಂದು, ಉಳಿದಿದ್ದ ಹಸಿರು ಬಳೆಗಳನ್ನು ತರಿಸಿದರು. ಚಿಕ್ಕಮ್ಮನ ಎಡಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ಏರಿಸಿದರು. ಮುಹೂರ್ತವಿಲ್ಲ, ಚಾಪೆಯಿಲ್ಲ, ಅವಳ ಸೆರಗಿನ ಮೇಲೆ ಇನ್ನೂ ಒಂದು ಹುಳು ಹರಿಯುತ್ತಿತ್ತು.

“ನೋವಾಗ್ತದಾ?”

“ಇಲ್ಲ” ಎಂದಳು ಚಿಕ್ಕಮ್ಮ.

“ಸುಳ್ಳು. ನನಗೇ ನೋವಾಗ್ತದೆ” ಎಂದು ಇನ್ನೊಂದು ಬಳೆ ಏರಿಸಿದರು.

ಮಾರನೆಯ ದಿನ ಇಬ್ಬರೂ ಗಾಡಿಯ ನಡುವೆ ಒಟ್ಟಿಗೆ ಕೂತು ದಿಬ್ಬೂರಹಳ್ಳಿಗೆ ಹೋದರು. ಹೋಗುವ ಅಗತ್ಯವೇ ಇರಲಿಲ್ಲ, ಆದರೆ ಯಾರದು ದೊಡ್ಡದು ಎಂದು ತೀರ್ಮಾನವಾಗಬೇಕಿತ್ತು. ಸೂಜಿಯವರು ಸ್ಕೇಲ್ ಇಟ್ಟು ನೋಡಿ ಇಬ್ಬರಿಗೂ ಬೇಡ ಎಂದರು. “ಯಾರದ್ದಪ್ಪ ಜಾಸ್ತಿ?” ಎಂದು ಹುಡುಗನ ತಾಯಿ ಕೇಳಿದರು. ಅವರದೇ ಜಾಸ್ತಿ ಇತ್ತು. ವಾಪಸ್ ಬರುವಾಗ ಗಾಡಿಯಲ್ಲಿ ಅವರ ಕೈ ಎಲ್ಲರಿಗೂ ಕಾಣುವ ಹಾಗೆ ಹೊರಗೇ ಇತ್ತು. ಅಜ್ಜಿ ಮಾತ್ರ ಆ ಸ್ಕೇಲ್ ಸರಿಯಿಲ್ಲ ಎಂದು ಸಾಯುವವರೆಗೂ ಹೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಏನೋ ಔಷಧ ಶುರು ಮಾಡುವ ಮುಂಚೆ ನನಗೆ ಮತ್ತೆ ಅದೇ ಟೆಸ್ಟ್ ಮಾಡಿದರು. ಕೈ ಊದಿತು. ಪುಟ್ಟ ಡಾಕ್ಟರ್ ಹುಡುಗಿ, “ಆಂಟಿ, ಮೆಮೊರಿ ಸೆಲ್ಸ್ ಅಂತ ಇರ್ತವೆ” ಎಂದು ಬಹಳ ಸರಳವಾಗಿ ವಿವರಿಸಿ, ಫ್ಯಾಮಿಲಿಯಲ್ಲಿ ಯಾರಿಗಾದರೂ ಇತ್ತೇ ಎಂದಳು. ನನ್ನ ಮನೆಯ ಬೀಗ ಹಾಕಿದೆನೋ ಇಲ್ಲವೋ ನೆನಪಿರದ ವಯಸ್ಸು ನನ್ನದು. ಒಳಗೆ ಮಾತ್ರ ಯಾರೋ ಇನ್ನೂ ಕೂತು ತಾತನನ್ನು ನೆನೆಯುತ್ತಿದ್ದಾರೆ. ಇತ್ತು ಎಂದೆ, ತಾತನಿಗೆ.

ಚಿಕ್ಕಮ್ಮನ ಮದುವೆಯಾದ ಮರುವರ್ಷ ರಜದಲ್ಲಿ ನಾನು ಚಿಂತಾಮಣಿಗೆ ಹೋಗಿದ್ದೆ. ಒಂದು ರೂಮು, ಒಂದು ಅಡಿಗೆಮನೆ, ಹೇಳಿದ ಹಾಗೆಯೇ. ಹುಳುವಿನ ವಾಸನೆಯಿಲ್ಲ. ಚಿಕ್ಕಪ್ಪ ನಿಜಕ್ಕೂ ಕುಳ್ಳು, ಒಳ್ಳೆಯವರು, ಆಫೀಸಿಗೆ ಹೋಗಿದ್ದರು. ಚಿಕ್ಕಮ್ಮನ ಕೆನ್ನೆ ತುಂಬಿಕೊಂಡಿತ್ತು. ಅಕ್ಕಿ ಆರಿಸುತ್ತ ಕೂತಿದ್ದಾಗ ಕೇಳಿದೆ, ಈಗ ರಾತ್ರಿಯೆಲ್ಲ ನಿದ್ದೆ ತಾನೆ ಎಂದು.

“ಎಲ್ಲಿ ಬರ್ತದೆ” ಎಂದಳು. “ಸೊಪ್ಪು ಹಾಕೋ ಹೊತ್ತಿಗೆ ಸರಿಯಾಗಿ ಎಚ್ಚರ ಆಗ್ಬಿಡ್ತದೆ ಕಣೇ. ದಿನಾ. ಎದ್ದು ಕೂತು ಕತ್ಲಲ್ಲಿ ತಟ್ಟೆ ತಡಕ್ತೀನಿ. ನಿಮ್ಮ ಚಿಕ್ಕಪ್ಪನ ತಲೆ ಸಿಗ್ತದೆ.”

“ಅಯ್ಯೋ ಪಾಪ. ಆಮೇಲೆ?”

“ಆಮೇಲೆ ಏನು, ಹುಳ ಇಲ್ಲ ಅಂತ ನೆನಪಾಗ್ತದೆ. ತಿರುಗಾ ಮಲಕ್ಕೋತೀನಿ.” ಮೊರವನ್ನು ಒಂದು ಸಲ ಕೊಡವಿದಳು. “ಆ ತಿರುಗಾ ಮಲಕ್ಕೊಳ್ಳೋ ಸುಖ ಇದೆ ನೋಡು, ಅದಕ್ಕೋಸ್ಕರ ದಿನಾ ಎಚ್ಚರ ಆದ್ರೂ ಆಗ್ಲಿ ಅನ್ಸುತ್ತೆ.”